ಬೆಲೆ ಕೇಳದೆ ನೋಟು ತೆಗೆಯದವನು

ಬಸ್ಸಿನ ಕೆಲಸ ಮುಗಿದು ಎರಡು ವರ್ಷವಾಗಿದ್ದರೂ ಬೀದಿಯವರೆಲ್ಲ ಅವನನ್ನು ಕಂಡಕ್ಟರ್ ಎಂದೇ ಕರೆಯುತ್ತಿದ್ದರು. ಅವನಿಗೂ ಅದು ಹೆಮ್ಮೆಯೇ. ನೋಟುಗಳನ್ನು ಉದ್ದಕ್ಕೆ ಮಡಚಿ ಬೆರಳ ಸಂದಿಗೆ ಸಿಕ್ಕಿಸಿಕೊಂಡು, ತೂಗಾಡುವ ಬಸ್ಸಿನಲ್ಲಿ ನಿಂತು, ಒಂದು ಪೈಸೆ ಆಚೀಚೆಯಾಗದಂತೆ ಲೆಕ್ಕ ಒಪ್ಪಿಸಿದವನು ಅವನು. ಹಾಗಾಗಿ ಅವನನ್ನು ಜೊತೆಗೆ ಕರೆದುಕೊಂಡು ಪರದೇಶಕ್ಕೆ ಹೊರಟಾಗ ಅಕ್ಕ ಖರ್ಚಿನ ಹಣವನ್ನೆಲ್ಲ ಅವನ ಕೈಗೆ ಹಾಕಿ, "ಇದರ ಉಸಾಬರಿ ನಿಂದು, ನನ್ನನ್ನ ಏನೂ ಕೇಳಬೇಡ" ಎಂದು ನಿಶ್ಚಿಂತೆಯಿಂದ ಹಡಗು ಹತ್ತಿದ್ದಳು.

ಅದು ಅಕ್ಕ ಪುಟ್ಟದೊಂದು ಮೆಸ್ ನಡೆಸಿ, ಹೊಗೆ ಕುಡಿದು ಕೂಡಿಟ್ಟ ಹಣ. ಹೊರಟದ್ದು ಓರಗಿತ್ತಿಯನ್ನು ನೋಡಲು. ಒಂದೇ ಮನೆಗೆ ಸೊಸೆಯರಾಗಿ ಬಂದು, ಒಂದೇ ಒಲೆಯ ಮುಂದೆ ವರ್ಷಗಟ್ಟಲೆ ಕಿತ್ತಾಡಿ, ಅತ್ತೆಯನ್ನು ಮಾತ್ರ ಒಟ್ಟಿಗೆ ಕೂತು ಬೈದವರು ಅವರು. ಗಂಡ ತೀರಿಕೊಂಡ ಮೇಲೆ ಓರಗಿತ್ತಿ ಅಡುಗೆ ಕೆಲಸ ಹುಡುಕಿಕೊಂಡು ಆ ಪರದೇಶಕ್ಕೆ ಹೋಗಿ ಅಲ್ಲೇ ನೆಲೆ ನಿಂತಿದ್ದಳು. ಈಗ ಅವಳ ಮೊಣಕಾಲು ಹಡಗು ಹತ್ತುವ ಹಾಗಿರಲಿಲ್ಲ. ಅಕ್ಕನ ಮೊಣಕಾಲು ಇನ್ನೊಮ್ಮೆ ಹತ್ತೀತೆಂಬ ಭರವಸೆಯೂ ಇರಲಿಲ್ಲ. ಬರುವ ಸುದ್ದಿಯನ್ನು ಅಕ್ಕ ಬೇಕೆಂದೇ ತಿಳಿಸಿರಲಿಲ್ಲ. "ಹೇಳಿದ್ರೆ ಆ ಕಾಲಲ್ಲೇ ಬಂದರಿಗೆ ಬಂದು ನಿಂತಿರ್ತಾಳೆ, ಮಹರಾಯ್ತಿ" ಎಂದಿದ್ದಳು.

ಹಡಗಿಳಿದು ಬಂದರಿನ ಕಿಟಕಿಯಲ್ಲಿ ಹಣ ಬದಲಾಯಿಸುವಾಗಲೇ ಎಡವಟ್ಟಾಯಿತು. ಆ ದೇಶದಲ್ಲಿ ಎಲ್ಲವೂ ಸಾವಿರ, ಲಕ್ಷದ ಲೆಕ್ಕ ಎಂದು ಯಾವಾಗಲೋ ಕೇಳಿದ್ದ ಕಂಡಕ್ಟರ್, ನೋಟು ತುಂಬಿಕೊಳ್ಳಲು ಬಟ್ಟೆಯ ಚೀಲವನ್ನೇ ತಂದಿದ್ದ. ಕಿಟಕಿಯವನು ಕೊಟ್ಟದ್ದು ನೂರರ ಒಂಬತ್ತು ಹೊಸ ನೋಟು. ಜೊತೆಗೆ ಅವನು ಏನೋ ವಿವರಿಸಲು ಹೊರಟ. ಹಣದ ವಿಷಯದಲ್ಲಿ ತನಗೆ ಪಾಠ ಹೇಳುವವನು ಇವನ್ಯಾರು ಎಂದುಕೊಂಡ ಕಂಡಕ್ಟರ್ "ಗೊತ್ತು, ಗೊತ್ತು" ಎಂದು ಜಾಗ ಖಾಲಿ ಮಾಡಿದ. ಊರಿಗೆಲ್ಲ ಟಿಕೆಟ್ ಹರಿದುಕೊಟ್ಟವನು ತಾನು ಮಾತ್ರ ರಸೀದಿ ತೆಗೆದುಕೊಳ್ಳಲು ಮರೆತ.

ಮುಂಗಡ ಕೊಟ್ಟಿದ್ದ ಹೋಟೆಲ್ ರೂಮಿನಲ್ಲಿ ಅಕ್ಕನನ್ನು ಕೂರಿಸಿ ಅವನು ಬೀದಿಗೆ ಬಂದ. ಬಂದರಿನ ಊರಾದ್ದರಿಂದ ಅಂಗಡಿಯವರಿಗೆಲ್ಲ ನಮ್ಮ ಮಾತು ಅಷ್ಟಿಷ್ಟು ಬರುತ್ತಿತ್ತು. ಬೆಲೆ ಕೇಳದೆ ಕಂಡಕ್ಟರ್ ಜೇಬಿಗೆ ಕೈ ಹಾಕುವವನಲ್ಲ.

"ಬ್ರೆಡ್ಡಿಗೆ ಎಷ್ಟಪ್ಪ?"

"ಮೂರು ಸಾವಿರ."

ಪಕ್ಕದಲ್ಲಿ ಟೀ ಕೇಳಿದ. ಎರಡು ಸಾವಿರ. ಮೂಲೆಯಲ್ಲಿ ನಿಂತಿದ್ದ ಟ್ಯಾಕ್ಸಿಯವನನ್ನು ಓರಗಿತ್ತಿಯ ಊರಿಗೆ ಎಷ್ಟೆಂದು ಕೇಳಿದ. ನಲವತ್ತು ಸಾವಿರ. ಜೇಬಿನಲ್ಲಿದ್ದದ್ದು ಒಂಬೈನೂರು. ಕಿಟಕಿಯವನು ಟೋಪಿ ಹಾಕಿದ್ದ, ಸಂಶಯವೇ ಇಲ್ಲ. ಓಡಿಹೋಗಿ ನೋಡಿದರೆ ಕಿಟಕಿ ಮುಚ್ಚಿತ್ತು. ಮುಂದಿನ ಹಡಗು ಬಂದಾಗಲೇ ತೆಗೆಯುವುದಂತೆ. ಅದು ಅವರು ಊರಿಗೆ ಮರಳಬೇಕಾದ ಹಡಗು.

ಅಕ್ಕನಿಗೆ ಹೇಗೆ ಹೇಳುವುದು? ನಾಚಿಕೆಯಿಂದ ಅವನಿಗೆ ಸಾಯುವಂತಾಯಿತು. ರೂಮಿಗೆ ಬಂದು ಗೋಡೆ ನೋಡಿಕೊಂಡು ಸುಳ್ಳು ಹೇಳಿದ.

"ಆ ಊರಿಗೆ ಹೋಗೋ ರಸ್ತೆ ಕುಸಿದಿದೆಯಂತೆ ಅಕ್ಕ. ಗಾಡಿ ಹೋಗಲ್ವಂತೆ."

ಅಕ್ಕ ಅವನ ಮುಖವನ್ನೇ ಒಂದಷ್ಟು ಹೊತ್ತು ನೋಡಿದಳು. ಆಮೇಲೆ ಓರಗಿತ್ತಿಗೆಂದು ತಂದಿದ್ದ ಸೀರೆಯನ್ನು ಚೀಲದಿಂದ ತೆಗೆದು, ಮಡಿಕೆ ಸರಿಮಾಡಿ, ಮತ್ತೆ ಒಳಗಿಟ್ಟಳು. ಬೈದಿದ್ದರೆ ಕಂಡಕ್ಟರಿಗೆ ಎಷ್ಟೋ ಹಗುರವಾಗುತ್ತಿತ್ತು.

ಮರುದಿನವೆಲ್ಲ ಅದೇ ಪಾಡು. ಹೋಟೆಲಿನವರು ಬೆಳಿಗ್ಗೆ ಬಿಟ್ಟಿಯಾಗಿ ಕೊಡುವ ಬ್ರೆಡ್ಡನ್ನು ಅವನು ಕರವಸ್ತ್ರದಲ್ಲಿ ಕಟ್ಟಿಟ್ಟು ಮಧ್ಯಾಹ್ನಕ್ಕೂ ರಾತ್ರಿಗೂ ಬಡಿಸಿದ. ಅಕ್ಕ ಟೀ ಕೇಳಿದರೆ, "ಈ ಊರಿನ ಟೀ ಕುಡಿದ್ರೆ ಹೊಟ್ಟೆ ಕೆಡುತ್ತಂತೆ" ಎಂದ. ಹೊಟ್ಟೆ ತಾಳ ಹಾಕುತ್ತಿದ್ದರೂ ತನ್ನ ಪಾಲಿನಲ್ಲಿ ಅರ್ಧವನ್ನು ಅಕ್ಕನ ತಟ್ಟೆಗೆ ಹಾಕಿ, ತನಗೆ ಹಸಿವಿಲ್ಲವೆಂದ. ಮೆಸ್ ನಡೆಸಿದವಳಿಗೆ ಯಾರ ಹೊಟ್ಟೆ ಎಷ್ಟು ಖಾಲಿಯಾಗಿದೆ ಎಂದು ತಿಳಿಯದೇ?

ಮೂರನೆಯ ಬೆಳಿಗ್ಗೆ ಕಂಡಕ್ಟರ್ ಸ್ನಾನಕ್ಕೆ ಹೋಗಿದ್ದಾಗ ಅಕ್ಕನಿಗೆ ತಡೆಯಲಾಗಲಿಲ್ಲ. ಗೂಟದಲ್ಲಿದ್ದ ಅವನ ಅಂಗಿಯ ಜೇಬಿನಿಂದ ಒಂದು ನೋಟು ಎಳೆದುಕೊಂಡು, ಮೆಟ್ಟಿಲಿಳಿದು, ಟೀ ಅಂಗಡಿಯ ಬೆಂಚಿನ ಮೇಲೆ ಕೂತಳು. ಬೆಲೆ ಕೇಳುವ ಅಭ್ಯಾಸ ಅವಳಿಗೆಲ್ಲಿಯದು! ಅವಳ ಮೆಸ್ಸಿನಲ್ಲಿ ಜನ ಉಂಡು ಕೈ ತೊಳೆದು, ಕೈಗೆ ಸಿಕ್ಕ ನೋಟನ್ನು ಮೇಜಿನ ಮೇಲಿಡುತ್ತಿದ್ದರು. ಅವಳು ತನ್ನದನ್ನು ಮುರಿದುಕೊಂಡು ಮಿಕ್ಕದ್ದನ್ನು ಕೊಡುತ್ತಿದ್ದಳು. ಇಲ್ಲಿಯೂ ಹಾಗೇ ಟೀ ಕುಡಿದು, ನೋಟು ಇಟ್ಟು, ಕೈ ಚಾಚಿ ಕೂತಳು.

ಕಂಡಕ್ಟರ್ ತಲೆ ಒರೆಸಿಕೊಳ್ಳುತ್ತ ಬಂದಾಗ ಹಾಸಿಗೆಯ ಮೇಲೆ ನೋಟು, ನಾಣ್ಯ ಹರಡಿತ್ತು.

"ಅವನು ಲೆಕ್ಕ ತಪ್ಪಿದ್ದಾನೆ ಕಣೋ. ಒಂದು ಟೀಗೆ ಇಷ್ಟೊಂದು ಚಿಲ್ಲರೆ ಕೊಟ್ಟಿದ್ದಾನೆ. ಪಾಪ, ಬಡವ. ವಾಪಸ್ ಕೊಟ್ಟು ಬಾ."

ಎಣಿಸಿದ. ತೊಂಬತ್ತೆಂಟು. ಮತ್ತೆ ಎಣಿಸಿದ. ಟವೆಲನ್ನು ಹೆಗಲ ಮೇಲೆ ಹಾಕಿಕೊಂಡೇ ಕೆಳಗೆ ಓಡಿದ.

ಟೀ ಅಂಗಡಿಯವನು ನಕ್ಕ. "ಸರಿಯಾಗೇ ಕೊಟ್ಟಿದ್ದೀನಿ ಅಣ್ಣ. ಟೀ ಎರಡು ಸಾವಿರ, ಅಂದ್ರೆ ಈಗಿನ ಎರಡು. ಹೋದ ವರ್ಷ ಸರ್ಕಾರ ಹೊಸ ನೋಟು ತಂದು ಮೂರು ಸೊನ್ನೆ ಹೊಡೆದುಹಾಕ್ತು. ನಮ್ಮ ಬಾಯಿಗೆ ಹಳೇದೇ ಬರುತ್ತೆ, ಏನ್ಮಾಡೋದು. ನೋಟು ಕೊಟ್ರೆ ಸರಿಯಾಗಿ ಮುರ್ಕೊಂಡು ಕೊಡ್ತೀವಿ."

ನೋಟು ಕೊಟ್ಟರೆ! ಈ ಮಹಾನುಭಾವ ಊರಿಡೀ ಬೆಲೆ ಕೇಳಿದನೇ ಹೊರತು ಒಬ್ಬನ ಮುಂದೂ ನೋಟು ತೆಗೆದಿರಲಿಲ್ಲ.

ಅವನು ಮೆಟ್ಟಿಲು ಹತ್ತಿ ಬಂದ. ಅಕ್ಕನ ಎದುರು ನಿಂತು ಎಲ್ಲವನ್ನೂ ಹೇಳಿದ.

"ಹಂಗಾದ್ರೆ ರಸ್ತೆ?"

"ರಸ್ತೆ ನೆಟ್ಟಗಿದೆ ಅಕ್ಕ. ನಿನ್ನ ದುಡ್ಡೆಲ್ಲ ಕಳೆದೆ ಅಂದ್ಕೊಂಡು ಸುಳ್ಳು ಹೇಳ್ದೆ."

"ಸುಳ್ಳು ಅಂತ ಅವತ್ತೇ ಗೊತ್ತಾಯ್ತು. ನನಗೆ ಭಯ ಆಗಿದ್ದು ಬೇರೆ. ಅವಳು ಹೋಗ್ಬಿಟ್ಟಿದ್ದಾಳೆ, ನನ್ನ ಹತ್ರ ಮುಚ್ಚಿಡ್ತಿದ್ದೀಯ ಅಂದ್ಕೊಂಡೆ. ಅದಕ್ಕೇ ಕೇಳಲಿಲ್ಲ." ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ಈಗ ಬಟ್ಟೆ ಹಾಕ್ಕೋ. ಮೊದಲು ಹೊಟ್ಟೆ ತುಂಬ ತಿನ್ನು. ಆಮೇಲೆ ಗಾಡಿ ಕರಿ."

ಹೊತ್ತು ನೆತ್ತಿಗೇರುವ ಮೊದಲೇ ಟ್ಯಾಕ್ಸಿ ಒಂದು ಹಸಿರು ಬಾಗಿಲಿನ ಮನೆಯ ಮುಂದೆ ನಿಂತಿತು. ಬಾಗಿಲು ತೆಗೆದ ಓರಗಿತ್ತಿ ಚೌಕಟ್ಟು ಹಿಡಿದುಕೊಂಡು, ಅಕ್ಕನನ್ನು ಮೇಲಿನಿಂದ ಕೆಳಗೆ ನೋಡಿದಳು. ಪಕ್ಕದ ಮನೆಗೆ ಮೊಸರು ತರಲು ಹೋದವಳು ಬಂದಳೇನೋ ಎಂಬಂತಿತ್ತು ಅವಳ ಮಾತು.

"ಈಗ ಬಂದ್ಯಾ? ಒಳಗೆ ಹಾಲಿಟ್ಟಿದ್ದೀನಿ. ನನಗೆ ಬೇಗ ನಡೆಯೋಕಾಗಲ್ಲ, ಸ್ವಲ್ಪ ನೋಡು."

ಅಕ್ಕ ಚಪ್ಪಲಿ ಬಿಟ್ಟು ನೇರ ಅಡುಗೆಮನೆಗೆ ನಡೆದಳು. "ಇಷ್ಟು ಚಿಕ್ಕ ಪಾತ್ರೇಲಿ ಯಾರಾದ್ರೂ ಹಾಲಿಡ್ತಾರೇನೇ?" ಎಂಬ ಅವಳ ಬೈಗುಳ ಬೀದಿಯವರೆಗೂ ಕೇಳಿಸಿತು. ಓರಗಿತ್ತಿ ಗೋಡೆ ಹಿಡಿದುಕೊಂಡು, ಅದಕ್ಕೆ ಉತ್ತರ ಕೊಡುತ್ತಲೇ ಹಿಂದೆ ಹೋದಳು.

ಇಬ್ಬರ ಕಣ್ಣಲ್ಲೂ ಒಂದು ಹನಿ ನೀರಿರಲಿಲ್ಲ. ಬಾಡಿಗೆ ಕೊಟ್ಟು ಅಲ್ಲೇ ನಿಂತಿದ್ದ ಕಂಡಕ್ಟರ್ ಮಾತ್ರ ಮಗುವಿನಂತೆ ಅಳುತ್ತಿದ್ದ. ಬಾಡಿಗೆ ಹೆಚ್ಚಾಯಿತೆಂದು ಅಳುತ್ತಿದ್ದಾನೆ ಎಂದುಕೊಂಡ ಟ್ಯಾಕ್ಸಿಯವನು ಗಾಬರಿಯಾಗಿ ಎರಡು ನೋಟು ಹಿಂದಕ್ಕೆ ಕೊಡಲು ಬಂದ. ಕಂಡಕ್ಟರ್ ಅವನ ಕೈಯನ್ನು ಮಡಚಿ, ಇನ್ನೊಂದು ನೋಟನ್ನು ಎಷ್ಟರದೆಂದೂ ನೋಡದೆ ಅದರೊಳಗೆ ತುರುಕಿದ.