ಕಿವಿಯೋಲೆಯ ಸನ್ನೆ

ಆ ಮನೆಯ ಇಬ್ಬರು ಹುಡುಗಿಯರಿಗೂ ಒಳ್ಳೆಯ ಹೆಸರುಗಳಿದ್ದವು. ಆ ಹೆಸರು ಹಿಡಿದು ಕರೆಯುವವರು ಮಾತ್ರ ಯಾರೂ ಇರಲಿಲ್ಲ. ದೊಡ್ಡವಳು ಬಾಯಿ ತೆರೆದರೆ ಅರಳು ಹುರಿದ ಹಾಗೆ ಮಾತಾಡುತ್ತಿದ್ದಳು, ಅದಕ್ಕೇ ಮಾತಿನಮಲ್ಲಿ. ಕೂಗುವಾಗ ಬರೀ ಮಲ್ಲಿ. ಚಿಕ್ಕವಳು ಯಾರು ಏನು ಹೇಳಿದರೂ "ಸರಿ, ಸರಿ" ಎನ್ನುತ್ತಿದ್ದಳು, ಅದಕ್ಕೇ ಸರಿಸರಿ. ಅರ್ಥವಾದರೂ ಸರಿ, ಆಗದಿದ್ದರೂ ಸರಿ. ಎದುರಿನವರನ್ನು ತಡೆದು "ಏನಂದ್ರಿ?" ಎಂದು ಕೇಳಬೇಕಾದರೆ ಅವಳಿಗೆ ಜೀವವೇ ಬಾಯಿಗೆ ಬರುತ್ತಿತ್ತು.

ಇಬ್ಬರೂ ಒಡಹುಟ್ಟಿದವರಲ್ಲ. ಸರಿಸರಿ ಮಲ್ಲಿಯ ಚಿಕ್ಕಮ್ಮನ ಮಗಳು. ವಿಶ್ವವಿದ್ಯಾಲಯಕ್ಕೆ ಹತ್ತಿರವೆಂದು ಮಲ್ಲಿ ಚಿಕ್ಕಮ್ಮನ ಮನೆ ಸೇರಿದ್ದಳು. ಕೆಳಗೆ ಚಿಕ್ಕಮ್ಮನ ಇಸ್ತ್ರಿ ಅಂಗಡಿ, ಮೇಲೆ ಎರಡು ಕೋಣೆ. ಹುಡುಗಿಯರಿಬ್ಬರದೂ ಒಂದೇ ಓದು: ಅಂತರರಾಷ್ಟ್ರೀಯ ವ್ಯಾಪಾರ, ಜೊತೆಗೊಂದು ವಿದೇಶಿ ಭಾಷೆ. ಸಂಜೆ ಇಸ್ತ್ರಿ ಮೇಜಿನ ಆಚೆ ಈಚೆ ನಿಂತು ಆ ಭಾಷೆಯಲ್ಲೇ ಚೌಕಾಸಿ ಮಾಡಿ ಅಭ್ಯಾಸ ಮಾಡುತ್ತಿದ್ದರು. ಹಬೆಯ ನಡುವೆ ಶರಟಿನ ಕಾಲರು ತೀಡುತ್ತಿದ್ದ ಚಿಕ್ಕಮ್ಮನಿಗೆ ನಗುವೋ ನಗು.

"ಏನು ಬೈದಾಡ್ಕೊಳ್ತಿದೀರೋ ಏನೋ, ನನಗಂತೂ ಒಂದಕ್ಷರ ಗೊತ್ತಾಗಲ್ಲ. ಸ್ವಲ್ಪ ಮೆತ್ತಗೆ ಬೈಕೊಳ್ರೇ, ಇಲ್ಲಿ ಬಟ್ಟೆ ಸುಟ್ಟೀತು!"

ಕೊನೆಯ ವರ್ಷ ಮಾತಿನ ಪರೀಕ್ಷೆಯೊಂದಿತ್ತು. ಇಬ್ಬಿಬ್ಬರನ್ನು ಎದುರುಬದುರು ಕೂರಿಸುತ್ತಾರೆ. ಒಬ್ಬರು ಮಾರಬೇಕು, ಇನ್ನೊಬ್ಬರು ಕೊಳ್ಳಬೇಕು, ವ್ಯಾಪಾರವೆಲ್ಲ ಆ ಭಾಷೆಯಲ್ಲೇ ಕುದುರಬೇಕು. ಎಲ್ಲ ಪರೀಕ್ಷೆ ಸೇರಿಸಿ ಮೊದಲು ಬಂದ ಒಬ್ಬರಿಗೆ ಆ ಭಾಷೆಯ ದೇಶದಲ್ಲಿ ಒಂದು ವರ್ಷ ಓದುವ ಸೀಟು. ಬರವಣಿಗೆಯಲ್ಲಿ ಸರಿಸರಿಯೇ ಮುಂದಿದ್ದಳು. ಮಾತಿನಲ್ಲಿ ಸುಮಾರಾಗಿ ನಿಭಾಯಿಸಿದರೂ ಸೀಟು ಅವಳದೇ ಎಂದು ತರಗತಿಗೆಲ್ಲ ಗೊತ್ತಿತ್ತು. ಆ ಸೀಟಿನ ಮೇಲೆ ಅವಳು ಪ್ರಾಣವನ್ನೇ ಇಟ್ಟುಕೊಂಡಿದ್ದಳು. ಮಲ್ಲಿಗೂ ಆಸೆಯಿತ್ತು. ಇಲ್ಲ ಎನ್ನಲು ಅವಳೇನು ಸನ್ಯಾಸಿನಿಯೇ?

ಪರೀಕ್ಷೆಗೆ ಅವರಿಬ್ಬರನ್ನೇ ಜೋಡಿ ಮಾಡಿದ್ದರು. ಹಿಂದಿನ ಸಂಜೆ ಸರಿಸರಿ ಮುಖ ಸಣ್ಣಗೆ ಮಾಡಿಕೊಂಡು ಬಂದಳು.

"ಅಕ್ಕ, ನೀನು ಮಾತು ಜೋರಾಗಿ ಓಡಿಸಿದ್ರೆ ನನ್ನ ಕಥೆ ಮುಗೀತು."

"ಅಯ್ಯೋ ಪೆದ್ದಿ! ಗೊತ್ತಾಗದೇ ಇದ್ರೆ ಕಿವಿಯೋಲೆ ಮುಟ್ಕೋ. ನಾನು ನಿಧಾನ ಮಾಡ್ತೀನಿ, ಇನ್ನೊಂದ್ಸಲ ಹೇಳ್ತೀನಿ. ಯಾರಿಗೂ ತಿಳಿಯಲ್ಲ."

"ನಿಜವಾಗ್ಲೂ?"

"ನಾನಿರುವಾಗ ನಿನಗ್ಯಾಕೆ ಹೆದರಿಕೆ ಕಣೇ?"

ಆ ಮಾತು ಆಡಿದಾಗ ಮಲ್ಲಿಯ ಮನಸ್ಸಿನಲ್ಲಿ ಎಳ್ಳಷ್ಟೂ ಕಪಟವಿರಲಿಲ್ಲ. ಪಾಪ, ಅಷ್ಟನ್ನಾದರೂ ಅವಳ ಪರವಾಗಿ ಹೇಳಬೇಕು.

ಮಾರನೆಯ ದಿನ ಉದ್ದನೆಯ ಮೇಜು, ನಡುವೆ ನೀರಿನ ಜಗ್ಗು, ಒಂದು ತುದಿಗೆ ವ್ಯಾಪಾರದ ಮೇಷ್ಟ್ರು, ಪಕ್ಕದಲ್ಲಿ ಭಾಷೆಯ ಮೇಡಂ; ಹಿಂದಿನ ಬೆಂಚುಗಳಲ್ಲಿ ಇಡೀ ತರಗತಿ. ಗಾಜಿನ ದೀಪಗಳ ವ್ಯಾಪಾರ. ಸರಿಸರಿ ಮಾರುವವಳು. ಅವಳು ಶುರು ಮಾಡಿದ ಚಂದಕ್ಕೆ ಮಲ್ಲಿಯೇ ಬೆರಗಾದಳು. ಬೆಲೆ ಇಳಿಸು ಎಂದರೆ ಜಪ್ಪಯ್ಯ ಅನ್ನಲಿಲ್ಲ. ಮೇಡಂ ಮೇಷ್ಟ್ರ ಕಡೆ ತಿರುಗಿ, ಹುಡುಗಿ ಪರವಾಗಿಲ್ಲವಲ್ಲ ಎನ್ನುವಂತೆ ತಲೆಯಾಡಿಸಿದರು.

ಆ ತಲೆಯಾಡಿಸಿದ್ದು ಮಲ್ಲಿಯ ಕಣ್ಣಿಗೆ ಬಿತ್ತು. ದಾರಿಯಲ್ಲಿ ಒಡೆದ ದೀಪ, ವಾಪಸ್ಸು ಕಳಿಸುವ ಖರ್ಚು, ತಡವಾದರೆ ದಂಡ, ಎಲ್ಲ ಮಾರುವವರ ತಲೆಗೇ ಎಂದು ಅವಳು ಮಾತನ್ನು ಓಡಿಸತೊಡಗಿದಳು. ಸರಿಸರಿಯ ಕೈ ಮೆಲ್ಲಗೆ ಕಿವಿಗೆ ಹೋಗಿ ಓಲೆಯನ್ನು ಮುಟ್ಟಿತು. ಮಲ್ಲಿ ನೋಡಿದಳು. ನೋಡಿ, ಕಣ್ಣನ್ನು ನೀರಿನ ಜಗ್ಗಿನ ಕಡೆ ಹೊರಳಿಸಿ, ಇನ್ನಷ್ಟು ಜೋರಾಗಿ ಓಡಿಸಿದಳು. ಈಗ ಸರಿಸರಿ ಓಲೆಯನ್ನು ಬಿಡದೆ ಹಿಡಿದುಕೊಂಡೇ ಕೂತಳು. ಆಮೇಲೆ, ಆ ಭಾಷೆಯಲ್ಲಿಯೇ, "ಸರಿ, ಸರಿ" ಎಂದಳು. ಎಲ್ಲದಕ್ಕೂ ಎಂದಳು.

ಮೇಷ್ಟ್ರು ಗಹಗಹಿಸಿ ನಕ್ಕರು. "ಏನಮ್ಮಾ, ದೀಪದ ಜೊತೆ ಅಂಗಡಿಯನ್ನೂ ಬರೆದುಕೊಟ್ಟುಬಿಟ್ಟೆಯಲ್ಲ!" ತರಗತಿಯೆಲ್ಲ ಘೊಳ್ಳೆಂದಿತು.

ಮನೆಯಲ್ಲಿ ಚಿಕ್ಕಮ್ಮ ಕೇಳಿದಾಗ ಸರಿಸರಿಯೇ ಹೇಳಿದಳು. "ಅಕ್ಕ ತುಂಬಾ ಚೆನ್ನಾಗಿ ಮಾತಾಡಿದ್ಲಮ್ಮ. ನನಗೇ ತಲೆಗೆ ಹತ್ತಲಿಲ್ಲ." ಎರಡು ಬೈದಿದ್ದರೆ, ಜಡೆ ಹಿಡಿದು ಜಗಳವಾಡಿದ್ದರೆ ಮಲ್ಲಿ ಬದುಕಿಕೊಳ್ಳುತ್ತಿದ್ದಳು. ಸೀಟು ಮಲ್ಲಿಗೇ ಸಿಕ್ಕಿತು. ಹೊರಡುವ ದಿನ ಅವಳ ಬಟ್ಟೆಗಳಿಗೆಲ್ಲ ಚಿಕ್ಕಮ್ಮ ಇಸ್ತ್ರಿ ಹಾಕಿದಳು. ಸರಿಸರಿ ಒಂದೊಂದನ್ನೇ ಮಡಿಸಿ ಪೆಟ್ಟಿಗೆಗಿಟ್ಟಳು.

ಆ ದೇಶದಲ್ಲಿ ಮಲ್ಲಿಯನ್ನು ಓದಿನ ಜೊತೆಗೆ ಕೆಲಸ ಕಲಿಯಲೆಂದು ಸರಕು ತರಿಸುವ ಕಚೇರಿಯೊಂದಕ್ಕೆ ಹಾಕಿದರು. ತರಗತಿಯಲ್ಲಿ ಅರಳು ಹುರಿಯುತ್ತಿದ್ದವಳಿಗೆ ಅಲ್ಲಿನವರ ಮಾತು ಕಿವಿಗೆ ಬೀಳುವಷ್ಟರಲ್ಲಿ ಮುಗಿದೇ ಹೋಗುತ್ತಿತ್ತು. ಕೇಳಲು ನಾಚಿಕೆ. ಒಂದು ಮಧ್ಯಾಹ್ನ ಬಿಲ್ಲು ನೋಡಿಕೊಳ್ಳುವ ಹೆಂಗಸು ಏನೋ ವಿವರಿಸುತ್ತಿದ್ದಾಗ ಮಲ್ಲಿ "ಸರಿ, ಸರಿ" ಎಂದುಬಿಟ್ಟಳು. ತನ್ನ ಬಾಯಿಂದ ಬಂದದ್ದನ್ನು ಕೇಳಿ ತಾನೇ ಬೆಚ್ಚಿದಳು. ಆ ಹೆಂಗಸು ಅವಳ ಮುಖ ನೋಡಿ ಪೆನ್ನು ಕೆಳಗಿಟ್ಟಳು.

"ಅರ್ಥ ಆಗಲಿಲ್ಲ ಅಲ್ವಾ? ನಾನೇ ಜೋರಾಗಿ ಹೇಳಿಬಿಟ್ಟೆ. ಇರು, ನಿಧಾನವಾಗಿ ಮತ್ತೆ ಹೇಳ್ತೀನಿ."

ಗುರುತು ಪರಿಚಯವಿಲ್ಲದ ಹೆಂಗಸು, ಸನ್ನೆಯನ್ನೂ ಕೇಳದೆ, ಇಷ್ಟು ಮಾಡಿದಳು. ಮಲ್ಲಿ ಕೈತೊಳೆಯುವ ಕೋಣೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತಳು. ಅಲ್ಲಿಂದಲೇ ಫೋನು ಮಾಡಿದಳು. ಸರಿಸರಿ ಎತ್ತಿದಳು, ಹಿಂದೆ ಇಸ್ತ್ರಿಪೆಟ್ಟಿಗೆ ಹಬೆ ಬಿಡುವುದು ಕೇಳುತ್ತಿತ್ತು. ಭಾಷೆಯ ಪುಸ್ತಕಗಳನ್ನೆಲ್ಲ ಕೆಳತರಗತಿಯ ಹುಡುಗಿಗೆ ಕೊಟ್ಟುಬಿಟ್ಟೆ, ಈಗ ಅಂಗಡಿ ನೋಡಿಕೊಳ್ತಿದೀನಿ ಎಂದಳು.

"ನೀನು ಓಲೆ ಮುಟ್ಟಿದ್ದನ್ನ ನಾನು ನೋಡಿದ್ದೆ ಕಣೇ," ಎಂದಳು ಮಲ್ಲಿ. "ನೋಡಿಯೂ ನಿಲ್ಲಿಸಲಿಲ್ಲ."

"ನೀನು ನೋಡಿದ್ದು ನನಗೆ ಗೊತ್ತು, ಅಕ್ಕ."

ಮಲ್ಲಿಗೆ ಮಾತು ನುಗ್ಗಿ ಬಂತು: ತಪ್ಪಾಯ್ತು, ಹೊಟ್ಟೆಕಿಚ್ಚು ಕಣೇ, ರಜೆಗೆ ಬಂದಾಗ ನಾನೇ ಕೂತು ಹೇಳಿಕೊಡ್ತೀನಿ, ಮತ್ತೆ ಶುರು ಮಾಡು, ನನ್ನನ್ನ ಮೊದಲಿನ ಹಾಗೇ ನೋಡ್ತೀಯಾ ತಾನೇ? ಅಳುತ್ತಲೇ, ಒಂದೇ ಉಸಿರಿಗೆ, ಪರೀಕ್ಷೆಯ ದಿನಕ್ಕಿಂತ ಜೋರಾಗಿ.

"ಸರಿ, ಸರಿ," ಎಂದಳು ಸರಿಸರಿ.

ಮಲ್ಲಿ ಫೋನನ್ನು ಕಿವಿಗೊತ್ತಿಕೊಂಡು ನಿಂತಳು. ಆಚೆ ಕಡೆ ತಂಗಿಯ ಕೈ ಓಲೆಯ ಮೇಲಿದೆಯೋ ಇಲ್ಲವೋ, ಇಲ್ಲಿಂದ ಅವಳಿಗೆ ಕಾಣುವಂತಿರಲಿಲ್ಲ.