ಸಕ್ಕರೆ ಡಬ್ಬಿಯ ಕೆಳಗಿನ ಎಲೆ

ತಿಂಡಿಯ ತಟ್ಟೆಗಳನ್ನು ಬದಿಗೆ ಸರಿಸಿ ಲೋರ್ನಾ ಇಸ್ಪೀಟಿನ ಕಟ್ಟನ್ನು ಎರಡು ಸಲ ಕಲೆಸಿದಳು. ಒಂದು ಎಲೆಯನ್ನು ಎಳೆದು, ತಾನೂ ನೋಡದೆ, ಸಕ್ಕರೆ ಡಬ್ಬಿಯ ಕೆಳಗೆ ತಳ್ಳಿದಳು. ಉಳಿದ ಐವತ್ತೊಂದನ್ನು ಗಂಡನ ಮುಂದಿಟ್ಟು ಗೋಡೆ ಗಡಿಯಾರದ ಕಡೆ ತಿರುಗಿ ಕೂತಳು. ಮದುವೆಯಾಗಿ ಮೂವತ್ತೆಂಟು ವರ್ಷ, ಅವರ ಮನೆಯಲ್ಲಿ ದೇವರ ಪ್ರಾರ್ಥನೆ ತಪ್ಪಿದ್ದುಂಟು, ಇದು ತಪ್ಪಿದ್ದಿಲ್ಲ.

ಓರಿನ್ ಹ್ಯಾಸ್ಕಲ್ ಎಲೆಗಳನ್ನು ಎರಡೆರಡಾಗಿ ಮಗುಚುತ್ತ ಹೋದ. ಎರಡರಿಂದ ಆರರವರೆಗಿನ ಸಣ್ಣೆಲೆ ಬಂದರೆ ಒಂದು ಕೂಡಿಸಬೇಕು. ಹತ್ತು, ಎಕ್ಕ, ಗುಲಾಮ, ರಾಣಿ, ರಾಜ ಬಂದರೆ ಒಂದು ಕಳೆಯಬೇಕು. ನಡುವಿನವನ್ನು ಲೆಕ್ಕಕ್ಕೆ ಹಿಡಿಯಬಾರದು. ಇಡೀ ಕಟ್ಟು ಮುಗಿದರೆ ಸೊನ್ನೆ ಬರುತ್ತದೆ. ಒಂದು ಎಲೆ ಅಡಗಿದ್ದರೆ ಒಂದು ಹೆಚ್ಚು ಬರಬಹುದು, ಒಂದು ಕಡಿಮೆ ಬರಬಹುದು, ಇಲ್ಲವೇ ಸೊನ್ನೆಯೇ ಬರಬಹುದು. ಇದು ಬಿಟ್ಟು ನಾಲ್ಕನೆಯ ಉತ್ತರ ಕಟ್ಟಿನೊಳಗೇ ಇಲ್ಲ. ಒಂದು ಹೆಚ್ಚು ಬಂದರೆ ಡಬ್ಬಿಯ ಕೆಳಗಿರುವುದು ದೊಡ್ಡೆಲೆ, ಒಂದು ಕಡಿಮೆಯಾದರೆ ಸಣ್ಣೆಲೆ. ಇಷ್ಟೇ ವಿದ್ಯೆ. ಇದನ್ನೇ ಕ್ಯಾಸಿನೊದಲ್ಲಿ ಇಪ್ಪತ್ತೊಂದರ ಆಟದ ಮೇಜಿನಲ್ಲಿ, ಗದ್ದಲದ ನಡುವೆ, ಎಲೆ ಹಂಚುವ ಡೀಲರ್ ಜೊತೆ ಹರಟೆ ಹೊಡೆಯುತ್ತ ಮಾಡಿದರೆ ಇನ್ನು ಬರಲಿರುವ ಎಲೆಗಳು ನಮ್ಮ ಕಡೆಗಿವೆಯೋ ಕ್ಯಾಸಿನೊದವರ ಕಡೆಗಿವೆಯೋ ತಿಳಿಯುತ್ತದೆ. ತಿಳಿದಾಗ ಪಣ ಏರಿಸಬೇಕು. ಏರಿಸಿದ್ದು ಯಾರಿಗೂ ಕಾಣಬಾರದು.

"ಸಣ್ಣೆಲೆ," ಎಂದ ಓರಿನ್.

ಲೋರ್ನಾ ಡಬ್ಬಿ ಎತ್ತಿ ನೋಡಿದಳು. "ಸರಿ," ಎಂದಳು. ಎಲೆಯನ್ನು ಕಟ್ಟಿಗೆ ಸೇರಿಸಿ ತಟ್ಟೆಗಳನ್ನು ಎತ್ತಿಕೊಂಡು ಹೋದಳು.

ಆ ಒಂದು "ಸರಿ" ಕಿವಿಗೆ ಬೀಳದೆ ಓರಿನ್‌ಗೆ ದಿನ ಶುರುವಾಗುತ್ತಿರಲಿಲ್ಲ. ಅದಕ್ಕೆ ಕಾರಣವಿತ್ತು. ಅವನ ಅಪ್ಪ ಅರವತ್ತೆಂಟಕ್ಕೆ ಚಮಚವನ್ನು ಬಾಚಣಿಗೆಯೆಂದು ತಿಳಿದು ತಲೆಗೆ ಎಳೆದುಕೊಳ್ಳುತ್ತಿದ್ದ. ಎಪ್ಪತ್ತಕ್ಕೆ ಸ್ವಂತ ಮಗನನ್ನು ಅಂಚೆಯವನೆಂದು ಭಾವಿಸಿ ಬಾಗಿಲಲ್ಲೇ ನಿಲ್ಲಿಸಿ ಕಳಿಸಿದ್ದ. ಓರಿನ್‌ಗೆ ಈಗ ಅರವತ್ತೇಳು. ಹೋದ ಚಳಿಗಾಲದಲ್ಲಿ ಒಲೆ ಆರಿಸದೆ ಮಲಗಿದ್ದು, ಕಾರು ನಿಲ್ಲಿಸಿದ ಜಾಗ ಮರೆತು ಹಿಮದಲ್ಲಿ ಒಂದು ಗಂಟೆ ಅಲೆದದ್ದು, ಇವೆಲ್ಲ ಯಾರಿಗಾದರೂ ಆಗುವಂಥವು ಎಂದು ತಳ್ಳಿಹಾಕಿದ್ದ. ಎಣಿಕೆ ಗಟ್ಟಿಯಾಗಿರುವವರೆಗೆ ತಲೆ ಗಟ್ಟಿಯಾಗಿದೆ ಎಂಬುದು ಅವನು ಹಿಡಿದುಕೊಂಡಿದ್ದ ಒಂದೇ ಹಗ್ಗ. ಮನೆಯಲ್ಲಿ ಲೋರ್ನಾ ಸರಿ ಅನ್ನುತ್ತಿದ್ದಳು, ಕ್ಯಾಸಿನೊದಲ್ಲಿ ಮೇಜು ಇತ್ತು. ಅಷ್ಟು ಸಾಕಾಗಿತ್ತು.

ಮೇಜು ಅಂದರೆ ಈಗ ಉಳಿದಿದ್ದು ಒಂದೇ ಮೇಜು. ನೆವಾಡಾ ರಾಜ್ಯದಲ್ಲಿ ಎಲೆ ಎಣಿಸುವುದು ಅಪರಾಧವಲ್ಲ. ಆದರೆ ಎಣಿಸುವವನನ್ನು ಹೊರಗೆ ಕಳಿಸುವ ಹಕ್ಕು ಮಾಲೀಕರಿಗೆ ಇದೆ, ಅವರು ಅದನ್ನು ಧಾರಾಳವಾಗಿ ಬಳಸುತ್ತಾರೆ. ನಮ್ಮ ರೀನೋ ಊರಿನ ಒಂದೊಂದೇ ಬಾಗಿಲು ಓರಿನ್‌ಗೆ ಮುಚ್ಚಿತ್ತು. ಪ್ರತಿ ಸಲ ಅವನು ಮನೆಗೆ ಬಂದು "ಹಾಕಿಬಿಟ್ರು" ಎಂದಾಗ ಲೋರ್ನಾ ಅಳುತ್ತಿದ್ದಳು, ಅವನು ಮೀಸೆಯಡಿ ನಗುತ್ತಿದ್ದ. ಹೊರಗೆ ಹಾಕಿಸಿಕೊಳ್ಳುವುದು ಎಲೆ ಎಣಿಸುವವರಿಗೆ ಪದಕ ಇದ್ದಂತೆ. ಉಳಿದದ್ದು ರೈಲುಹಳಿಯ ಪಕ್ಕದ ಹಳೆಯ ಕ್ಯಾಸಿನೊ, ಕಾಪರ್ ಲ್ಯಾಂಟರ್ನ್. ಅಲ್ಲಿ ಅವನು ಟ್ರ್ಯಾಕ್ಟರಿನ ಬಿಡಿಭಾಗ ಮಾರುವ ಪೆದ್ದನ ವೇಷದಲ್ಲಿದ್ದ. ಜಿಡ್ಡು ಹತ್ತಿದ ಟೋಪಿ ಹಾಕುತ್ತಿದ್ದ, ಬೇಕೆಂದೇ ಪಣದ ಬಿಲ್ಲೆಗಳನ್ನು ಬೀಳಿಸುತ್ತಿದ್ದ, ಸುಲಭದ ಎಲೆಗಳು ಬಂದಾಗಲೂ ಪಕ್ಕದವರನ್ನು ಸಲಹೆ ಕೇಳುತ್ತಿದ್ದ. ಎರಡು ವರ್ಷದಿಂದ ಅವನತ್ತ ಯಾರೂ ತಿರುಗಿ ನೋಡಿರಲಿಲ್ಲ. ತನ್ನ ನಟನೆಯ ಬಗ್ಗೆ ಅವನಿಗೆ ಒಳಗೊಳಗೇ ಜಂಬ ಬಂದಿತ್ತು.

ಹನ್ನೊಂದು ತಿಂಗಳಿಂದ ಸೋಲುತ್ತಿದ್ದುದು ನಿಜ. ಎಣಿಸುವವರಲ್ಲಿ ಅದಕ್ಕೊಂದು ಸಮಾಧಾನ ತಯಾರಾಗಿರುತ್ತದೆ. ಎಲ್ಲ ಸರಿಯಾಗಿ ಮಾಡಿದರೂ ಕೆಟ್ಟ ಕಾಲ ಬರುತ್ತದೆ, ಒಂದೊಂದು ಸಲ ವರ್ಷಗಟ್ಟಲೆ ಇರುತ್ತದೆ, ಎದೆಗುಂದದೆ ಕೂತರೆ ತಾನಾಗಿ ತಿರುಗುತ್ತದೆ. ಬೇರೆ ಯಾವ ಕಸುಬಿನವನಾದರೂ ಇಷ್ಟು ಸೋತರೆ ತನ್ನ ಕೈಚಳಕದ ಬಗ್ಗೆ ಅನುಮಾನ ಪಡುತ್ತಾನೆ. ಇವರು ಕಾಲದ ಬಗ್ಗೆ ಅನುಮಾನ ಪಡುತ್ತಾರೆ. ವಸಂತದಲ್ಲಿ ಓರಿನ್ ತನ್ನ ಮೀನಿನ ದೋಣಿ ಮಾರಿದ. ಲೋರ್ನಾ ಕಾಗದಕ್ಕೆ ಸಹಿ ಹಾಕಿದಳು, ಒಂದು ಮಾತೂ ಆಡಲಿಲ್ಲ.

ಒಂದು ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವನು ಎಂದಿನ ಕುರ್ಚಿಯಲ್ಲಿ ಕೂತ. ಎಲೆ ಹಂಚುವ ಲಿಗಾಯಾ ಮನಿಲಾದ ಹೆಂಗಸು, ಮೊಣಕಾಲು ನೋವಿನವಳು. ಟ್ರ್ಯಾಕ್ಟರ್ ಓಡ್ತಿದೆಯಾ ಎಂದು ಕೇಳಿದಳು. ಓಡ್ತಿದೆ, ಹಿಂದಕ್ಕೆ ಮಾತ್ರ ಎಂದ. ದಿನಾ ಅದೇ ಪ್ರಶ್ನೆ, ಅದೇ ಉತ್ತರ, ಅದೇ ನಗು. ಅಷ್ಟರಲ್ಲಿ ಮೇಜುಗಳ ನಡುವಿನ ಕಟ್ಟೆಯ ಬಳಿ ಹೊಸ ಮೇಲ್ವಿಚಾರಕ ಬಂದು ನಿಂತ. ಓರಿನ್ ಕಂಡೊಡನೆ ಅವನ ಗುರುತು ಹಿಡಿದ. ಡ್ವೇನ್ ಪಿಕಾರ್ಡ್. ಹತ್ತೊಂಬತ್ತು ವರ್ಷದ ಹಿಂದೆ, ಈಗ ಮುಚ್ಚಿಹೋಗಿರುವ ಇನ್ನೊಂದು ಕ್ಯಾಸಿನೊದಲ್ಲಿ, ಇದೇ ಓರಿನ್‌ನ ಭುಜ ತಟ್ಟಿ ಹೊರಗೆ ಕಳಿಸಿದ್ದವನು. ಕೂದಲು ಬೆಳ್ಳಗಾಗಿತ್ತು. ಕಣ್ಣು ಮಾತ್ರ ಹಾಗೇ ಇತ್ತು.

ಓರಿನ್ ಟೋಪಿಯನ್ನು ಇನ್ನಷ್ಟು ಕೆಳಗೆಳೆದ. ಸಿಕ್ಕಿಬಿದ್ದಾಗ ಏನೇನು ಕಾಣುತ್ತದೆ ಎಂಬುದು ಅವನಿಗೆ ಬಾಯಿಪಾಠ. ಮೇಲ್ವಿಚಾರಕ ಮುಖ ನೋಡುವುದಿಲ್ಲ, ಬಿಲ್ಲೆಗಳನ್ನು ನೋಡುತ್ತಾನೆ. ಕಟ್ಟೆಯ ಮೇಲಿನ ಫೋನು ಎತ್ತುತ್ತಾನೆ, ತುಟಿ ಅಲುಗದಂತೆ ಮಾತಾಡುತ್ತಾನೆ. ಆಮೇಲೆ ಡೀಲರ್, ಎಣಿಕೆ ಹಾಳಾಗಲೆಂದು, ಕಟ್ಟು ಮುಗಿಯುವ ಮೊದಲೇ ಕಲೆಸಲು ಶುರುಮಾಡುತ್ತಾಳೆ. ಪಿಕಾರ್ಡ್ ಅವನ ಬಿಲ್ಲೆಗಳನ್ನು ನೋಡಿದ. ಫೋನು ಎತ್ತಿದ. ಲಿಗಾಯಾ ಈಗ ಕಲೆಸುತ್ತಾಳೆಂದು ಓರಿನ್ ಕಾದ. ಅವಳು ಕಲೆಸಲಿಲ್ಲ, ಎಂದಿನಂತೆ ಹಂಚಿದಳು.

ಐದು ದಿನ ಹೀಗೇ ನಡೆಯಿತು. ರಾತ್ರಿ ನಿದ್ದೆ ಹತ್ತಿರ ಸುಳಿಯಲಿಲ್ಲ. ಹೋಗುವುದನ್ನು ನಿಲ್ಲಿಸಿದರೆ ಅದೇ ಒಂದು ಸುಳಿವಾಗುತ್ತದೆ, ಹೋದರೆ ಸಿಕ್ಕಿಬೀಳುತ್ತೇನೆ ಎಂದು ಒದ್ದಾಡಿದ. ಈ ಬಾಗಿಲೂ ಮುಚ್ಚಿದರೆ ಮುಂದೇನು? ಅಡುಗೆಮನೆಯ ಮೇಜು, ಲೋರ್ನಾಳ ಹೊಲಿಗೆ ಪೆಟ್ಟಿಗೆ, ಕಿಟಕಿಯಾಚೆ ದೋಣಿ ಹೇರುತ್ತಿದ್ದ ಗಾಡಿ, ಈಗ ಖಾಲಿ. ಅಪ್ಪನೂ ಕೊನೆಗೆ ಇಂಥದೇ ಒಂದು ಮೇಜಿನ ಮುಂದೆ ಕೂತಿದ್ದ. ಪಿಕಾರ್ಡ್‌ನ ಕಣ್ಣಿಗೆ ಮಣ್ಣೆರಚಲು ಓರಿನ್ ಮೊದಲಿಗಿಂತ ಜೋರಾಗಿ ನಕ್ಕ, ಒಂದು ದಿನ ಕಾಫಿಯನ್ನು ಅಂಗಿಯ ಮೇಲೆ ಚೆಲ್ಲಿಕೊಂಡ. ಅದನ್ನು ಬೇಕೆಂದೇ ಚೆಲ್ಲಿದ್ದೋ ಅಲ್ಲವೋ ಎಂಬುದು ಸಂಜೆಗೆ ಅವನಿಗೇ ಖಚಿತವಾಗಲಿಲ್ಲ.

ಆರನೆಯ ದಿನ ಭುಜದ ಮೇಲೆ ಕೈ ಬಿತ್ತು. ಬಂತಲ್ಲ ಎಂದುಕೊಂಡು ಓರಿನ್ ಬಿಲ್ಲೆಗಳನ್ನು ಒಟ್ಟುಮಾಡತೊಡಗಿದ. ಆದರೆ ಪಿಕಾರ್ಡ್ ಅವನ ಮುಂದೊಂದು ಚೀಟಿ ಇಟ್ಟ. ಮೇಲಿನ ಊಟದ ಮನೆಯಲ್ಲಿ ಇಬ್ಬರಿಗೆ ಪುಕ್ಕಟೆ ಊಟ, ಸುಟ್ಟ ಮಾಂಸದ ದೊಡ್ಡ ಸ್ಟೇಕ್, ಸಿಹಿ ಬೇರೆ. ಹೆಂಡತಿಯನ್ನು ಕರೆದುಕೊಂಡು ಬನ್ನಿ ಎಂದು ಹೇಳಿ ಕಟ್ಟೆಗೆ ಮರಳಿದ.

ಓರಿನ್‌ಗೆ ಮೊದಲು ನಗು ಉಕ್ಕಿತು. ಹತ್ತೊಂಬತ್ತು ವರ್ಷದ ಹಿಂದೆ ಹೊರಗೆ ದಬ್ಬಿದವನೇ ಇವತ್ತು ಕರೆದು ಊಟ ಹಾಕುತ್ತಿದ್ದಾನೆ, ಮುಠ್ಠಾಳ. ಆಮೇಲೆ ಕೈಯಲ್ಲಿದ್ದ ಚೀಟಿ ತಣ್ಣಗೆ ಭಾರವಾಯಿತು. ಈ ಊಟ ಯಾರಿಗೆ ಸಿಗುತ್ತದೆ ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ. ಬಂದು ಬಂದು ದುಡ್ಡು ಸುರಿದು ಹೋಗುವವರಿಗೆ, ನಾಳೆಯೂ ಬರಲಿ ಎಂದು ಕೊಡುತ್ತಾರೆ. ಪ್ರಾಯದಲ್ಲಿ ಅವನೂ ಗೆಳೆಯರೂ ಅಂಥವರನ್ನು ಸ್ಟೇಕ್ ಗಿರಾಕಿಗಳು ಎಂದು ಆಡಿಕೊಂಡು ನಗುತ್ತಿದ್ದರು. ಅವನು ಕುರ್ಚಿಯಿಂದ ಎದ್ದು ಕಟ್ಟೆಯ ಬಳಿ ಹೋಗಿ ಟೋಪಿ ತೆಗೆದ.

"ನನ್ನ ಗುರುತು ಸಿಗ್ಲಿಲ್ವಾ?"

"ಮೊದಲ್ನೇ ದಿನಾನೇ ಸಿಕ್ತು ಹ್ಯಾಸ್ಕಲ್," ಎಂದ ಪಿಕಾರ್ಡ್. "ಟೋಪಿ ಹಾಕ್ಕೊಂಡ್ರೆ ಮುಖ ಬದಲಾಗುತ್ತಾ?"

"ಮತ್ಯಾಕೆ ಸುಮ್ಮನಿದ್ದೀರಿ?"

ಪಿಕಾರ್ಡ್ ಪೆನ್ನನ್ನು ಜೇಬಿಗೆ ಸಿಕ್ಕಿಸಿದ, ಮತ್ತೆ ತೆಗೆದ. ಅವನಿಗೆ ಹೇಳಲು ಇಷ್ಟವಿರಲಿಲ್ಲ. ಓರಿನ್ ಜಾಗ ಬಿಟ್ಟು ಕದಲಲಿಲ್ಲ.

"ಮೇಲೆ ಕ್ಯಾಮೆರಾ ಮುಂದೆ ಒಬ್ಬಳನ್ನ ಕೂರಿಸಿದ್ದೆ," ಎಂದ ಕೊನೆಗೆ. "ನಿಮ್ಮ ಜೊತೆಜೊತೆಗೇ ಎಣಿಸೋಕೆ. ಕಟ್ಟು ನಿಮ್ಮ ಕಡೆಗಿದ್ದಾಗ ನೀವು ಸುಮ್ಮನೆ ಕೂತಿರ್ತೀರಿ. ಏನೂ ಇಲ್ಲದಾಗ ರಾಶಿ ಬಿಲ್ಲೆ ಹಾಕ್ತೀರಿ. ಮೊದ್ಲು ನಾಟಕ ಅಂದ್ಕೊಂಡೆ. ಹಳೇ ಟೇಪುಗಳನ್ನೂ ತೆಗೆಸಿ ನೋಡಿದೆ. ಇಷ್ಟು ತಿಂಗಳು ದುಡ್ಡು ಕಳ್ಕೊಂಡು ಯಾರೂ ನಾಟಕ ಆಡಲ್ಲ."

"ಕೆಟ್ಟ ಕಾಲ," ಎಂದ ಓರಿನ್. "ಬರುತ್ತೆ, ಹೋಗುತ್ತೆ."

"ಕಾಲ ಅಲ್ಲ, ಹ್ಯಾಸ್ಕಲ್."

ಆಚೆಯ ಯಂತ್ರವೊಂದು ಗಂಟೆ ಬಾರಿಸಿತು, ಯಾರಿಗೋ ಚಿಲ್ಲರೆ ಸುರಿಯಿತು. ಓರಿನ್‌ಗೆ ನಾಚಿಕೆಯಾಗಲಿಲ್ಲ, ಸಿಟ್ಟೂ ಬರಲಿಲ್ಲ. ಭಯವಾಯಿತು. ಇಷ್ಟು ದಿನ ಪಟ್ಟದ್ದು ಭಯವೇ ಅಲ್ಲ ಎನ್ನಿಸುವಂಥ ಭಯ. ಅವರು ತನ್ನನ್ನು ಕಂಡುಹಿಡಿಯುತ್ತಾರೆಂದು ಅವನು ಹೆದರಿದ್ದ. ಅವರು ಕಂಡುಹಿಡಿದೂ ಆಗಿತ್ತು, ಹೆದರುವಂಥದ್ದೇನೂ ಇವನಲ್ಲಿ ಉಳಿದಿಲ್ಲವೆಂದು ಕೂರಿಸಿ ಊಟ ಹಾಕಲು ಹೊರಟಿದ್ದರು.

ಅವನು ಚೀಟಿಯನ್ನು ಕಟ್ಟೆಯ ಮೇಲಿಟ್ಟ. "ನನ್ನನ್ನ ಹೊರಗೆ ಹಾಕಿ," ಎಂದ.

"ಹಾಕೋಕೆ ಕಾರಣ ಇಲ್ವಲ್ಲ."

"ಕಾರಣ ನಿಮಗೆ ಇಲ್ಲ, ನನಗಿದೆ. ಮನೇಲಿ ಒಬ್ಬಳಿದ್ದಾಳೆ. ನಾನಾಗೇ ಬಿಟ್ಟೆ ಅಂದ್ರೆ ಯಾಕೆ ಅಂತ ಕೇಳ್ತಾಳೆ." ಅವನ ದನಿ ಸಣ್ಣಗಾಯಿತು. "ಹಿಂದೆ ಹೇಳಿದ್ರಲ್ಲ, ಆ ಮಾತು ಹೇಳಿ. ಎಲ್ಲರಿಗೂ ಕೇಳೋ ಹಾಗೆ."

ಪಿಕಾರ್ಡ್ ಅಂಥ ಒಳ್ಳೆಯ ಮನುಷ್ಯನೇನಲ್ಲ. ಈ ಊರಿನಲ್ಲಿ ಎಷ್ಟೋ ಜನ ಖಾಲಿ ಜೇಬಿನಲ್ಲಿ ಹೋಗುವುದನ್ನು ಕೈಕಟ್ಟಿ ನೋಡಿದವನು. ಆದರೂ ಕೋಟಿನ ಗುಂಡಿ ಹಾಕಿಕೊಂಡು, ಓರಿನ್‌ನನ್ನು ಮೇಜಿನ ಬಳಿಗೆ ನಡೆಸಿಕೊಂಡು ಹೋಗಿ, ಭುಜ ತಟ್ಟಿ, ಗಟ್ಟಿಯಾಗಿ ಹೇಳಿದ:

"ಮಿಸ್ಟರ್ ಹ್ಯಾಸ್ಕಲ್, ನಿಮ್ಮ ಆಟ ನಮ್ಮ ಕೈ ಮೀರಿದ್ದು. ಬೇರೆ ಯಾವ ಆಟ ಬೇಕಾದ್ರೂ ಆಡಿ. ಇಪ್ಪತ್ತೊಂದರ ಮೇಜಿಗೆ ಮಾತ್ರ ಇನ್ಮೇಲೆ ಬರೋ ಹಾಗಿಲ್ಲ."

ಲಿಗಾಯಾಳ ಕೈ ಎಲೆಗಳ ಮೇಲೆ ನಿಂತುಹೋಯಿತು. ಪಕ್ಕದ ಕುರ್ಚಿಯವರು ತಿರುಗಿ ನೋಡಿದರು. ಎರಡು ವರ್ಷ ಪೆದ್ದನೆಂದು ನಂಬಿದ್ದ ಮುದುಕನನ್ನು ಅವಳು ಕಣ್ಣರಳಿಸಿ ನೋಡಿದಳು, ಆ ನೋಟದಲ್ಲಿ ಗೌರವವಿತ್ತು. ಓರಿನ್ ಹಳೆಯ ರೂಢಿಯಂತೆ ಕೈಯಲ್ಲಿದ್ದ ಟೋಪಿ ಎತ್ತಿ ನಮಸ್ಕರಿಸಿದ. ಪಿಕಾರ್ಡ್ ನಿಯಮದಂತೆ ಬಾಗಿಲವರೆಗೂ ಬಂದು ಬೆನ್ನ ಹಿಂದೆ ನಿಂತ. ಕಾರು ಎಲ್ಲಿದೆಯೆಂದು ಓರಿನ್ ಹುಡುಕುತ್ತಿದ್ದಾಗ ತಾನೇ ಕೈ ತೋರಿಸಿದ.

ಮನೆಯಲ್ಲಿ ಲೋರ್ನಾ ಬಟಾಣಿ ಸುಲಿಯುತ್ತಿದ್ದಳು. ಅವನು ಬಾಗಿಲಲ್ಲೇ ನಿಂತು "ಹಾಕಿಬಿಟ್ರು" ಎಂದ.

ಅವಳು ಎಂದಿನಂತೆ ಅಳುತ್ತಾಳೆಂದು ಕಾದ. ಅವಳ ಕೈಯಿಂದ ಬಟಾಣಿಗಳು ನೆಲಕ್ಕೆ ಉರುಳಿದವು. "ನಿಜವಾಗ್ಲೂ? ಕಂಡುಹಿಡಿದ್ರಾ ನಿನ್ನನ್ನ?" ಎಂದಳು. ಪಿಕಾರ್ಡ್ ಬಂದದ್ದು, ಎಲ್ಲರ ಮುಂದೆ ಆ ಮಾತು ಹೇಳಿದ್ದು, ಲಿಗಾಯಾ ಬೆರಗಾದದ್ದು ಎಲ್ಲವನ್ನೂ ಅವನು ಹೇಳಿದ. ಅದರಲ್ಲಿ ಒಂದೂ ಸುಳ್ಳಿರಲಿಲ್ಲ. ಅವಳು ಎದ್ದು ಬಂದು ಅವನ ಮುಖವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಭಾರೀ ಕಿಲಾಡಿ ನನ್ನ ಮುದುಕ," ಎಂದು ನಕ್ಕಳು. ಅವಳು ಹಾಗೆ ನಕ್ಕು ಬಹಳ ದಿನವಾಗಿತ್ತು. ಹಾಳಾಗಲಿ ಆ ಮೇಜು, ಇನ್ನು ಮನೆಯಲ್ಲೇ ಇರು, ನಾನೇ ಎಲೆ ಹಂಚುತ್ತೇನೆ ಎಂದು ಆಗಲೇ ಕಟ್ಟು ತಂದು ಕಲೆಸಿದಳು. ಒಂದೆಲೆ ಎಳೆದು ಡಬ್ಬಿಯ ಕೆಳಗೆ ತಳ್ಳಿದಳು.

ಓರಿನ್‌ಗೆ ಬೇಡವಾಗಿತ್ತು. ಬೇಡ ಅನ್ನಲು ಬಾಯಿ ಬರಲಿಲ್ಲ. ಅವಸರ ಮಾಡದೆ, ಒಂದೊಂದೇ ಎಲೆ ಮಗುಚುತ್ತ, ಮಗುವಿನಂತೆ ತುಟಿ ಅಲುಗಿಸಿ ಎಣಿಸಿದ. ಕೊನೆಯ ಎಲೆ ಇಟ್ಟಾಗ ಲೆಕ್ಕ ನಾಲ್ಕಕ್ಕೆ ನಿಂತಿತ್ತು. ಒಂದು ಹೆಚ್ಚಲ್ಲ, ಒಂದು ಕಡಿಮೆಯಲ್ಲ, ಸೊನ್ನೆಯಲ್ಲ. ನಾಲ್ಕು.

"ಸಣ್ಣೆಲೆ," ಎಂದು ಬಾಯಿಗೆ ಬಂದದ್ದನ್ನು ಹೇಳಿದ.

ಇಷ್ಟು ವರ್ಷ ಈ ಹೊತ್ತಿಗೆ ಅವನು ಕಾಫಿಯ ಲೋಟಕ್ಕೆ ಕೈ ಹಾಕುತ್ತಿದ್ದ, ಡಬ್ಬಿಯ ಕಡೆ ನೋಡುತ್ತಿರಲಿಲ್ಲ. ಉತ್ತರ ಗೊತ್ತಿದ್ದವನು ಯಾಕೆ ನೋಡಬೇಕು? ಇಂದು ನೋಡಿದ. ಲೋರ್ನಾ ಡಬ್ಬಿ ಎತ್ತಿ ಎಲೆಯನ್ನು ತನ್ನ ಕಡೆ ಓರೆ ಮಾಡಿ ಹಿಡಿದಾಗ ಅದರ ಅಂಚು ಕಂಡಿತು. ಕಪ್ಪು ರಾಜ, ಗಡ್ಡದವನು.

"ಸರಿ," ಎಂದಳು ಲೋರ್ನಾ.

ದನಿ ಒಂದಿಷ್ಟೂ ನಡುಗಲಿಲ್ಲ. ಬೆರಳುಗಳು ಎಲೆಯನ್ನು ಕಟ್ಟಿನ ನಡುವೆ ಸೇರಿಸಿದ ರೀತಿಯಲ್ಲಿ ತುಂಬ ದಿನದ ಅಭ್ಯಾಸವಿತ್ತು. ಓರಿನ್ ಕಿಟಕಿಯಾಚೆ ನೋಡಿದ. ಖಾಲಿ ದೋಣಿಗಾಡಿ ಬಿಸಿಲಿನಲ್ಲಿ ನಿಂತಿತ್ತು. ದೋಣಿಯ ಕಾಗದಕ್ಕೆ ಸಹಿ ಹಾಕುವಾಗ ಅವಳು ಯಾಕೆ ಒಂದು ಮಾತೂ ಆಡಲಿಲ್ಲ ಎಂಬುದು ಅವನಿಗೆ ಈಗ ತಿಳಿಯಿತು.

ಅವನು ಬಗ್ಗಿ ನೆಲದ ಮೇಲಿನ ಬಟಾಣಿಗಳನ್ನು ಆರಿಸತೊಡಗಿದ. ಅವಳೂ ಪಕ್ಕದಲ್ಲಿ ಕೂತು ಆರಿಸಿದಳು.

"ನಾಳೇನೂ ಆಡೋಣ ಅಲ್ವಾ?" ಎಂದು ಕೇಳಿದಳು.

"ಆಡೋಣ," ಎಂದ ಓರಿನ್.