ಪ್ರತಿ ವರ್ಷದ ಹೊಸಬಳು

“ನಿಮ್ಮ ಪರಿಚಯ ಮಾಡಿಕೊಳ್ಳಿ,” ಎಂದ ಮೈದುನ.

ಅತ್ತಿಗೆ ಎದ್ದು ನಿಂತಳು. ಹೋಟೆಲಿನ ಸಭಾಂಗಣದಲ್ಲಿ ಈ ಸೀಸನ್ನಿನ ಹೊಸ ಸಿಬ್ಬಂದಿ ಸಾಲಾಗಿ ಕೂತಿತ್ತು. ಎಲ್ಲರ ಎದೆಯ ಮೇಲೂ ‘ತರಬೇತಿಯಲ್ಲಿದ್ದಾರೆ’ ಎಂಬ ಹಳದಿ ಪಟ್ಟಿ. ಆಕೆಯ ಎದೆಯ ಮೇಲೂ ಇತ್ತು. ಪಿನ್ನು ಚುಚ್ಚಿ ಚುಚ್ಚಿ ಸಮವಸ್ತ್ರದ ಆ ಜಾಗ ಜರಡಿಯಾಗಿತ್ತು. ಹತ್ತು ಹನ್ನೆರಡು ವರ್ಷದಿಂದ ಆಕೆ ಇದೇ ಹೋಟೆಲಿನ ರೂಮುಗಳಲ್ಲಿ ಹಾಸಿಗೆ ಹಾಸುತ್ತಿದ್ದಳು, ಈಗಲೂ ಹೊಸಬಳಾಗಿಯೇ ಇದ್ದಳು.

“ಪರಿಚಯಾನಾ ಸಾರ್? ನೀವು ಹೈಸ್ಕೂಲಿಗೆ ಹೋಗ್ತಿದ್ದಾಗ ನಿಮ್ಮ ತಲೆಯಿಂದ ಹೇನು ಹೆಕ್ಕಿದೋಳು ನಾನು. ಸಾಕಾ, ಇನ್ನೂ ಬೇಕಾ?”

ಸಾಲುಗಳಲ್ಲಿ ನಗು ಹರಿದಾಡಿತು. ಮೈದುನ ಕೈಗಡಿಯಾರದ ಪಟ್ಟಿಯನ್ನು ಒಮ್ಮೆ ಸವರಿಕೊಂಡ. ಒಳಗೆ ಕುದಿಯುವಾಗ ಅವನು ಮಾಡುವುದೇ ಅಷ್ಟು.

“ಹಿಂದಿನ ಅನುಭವ ಏನಾದ್ರೂ ಇದ್ರೆ ಹೇಳಿ.”

“ಹಿಂದಿನ ಅನುಭವ ಬಹಳ ಕಹಿ ಸಾರ್. ಕೆದಕಬೇಡಿ.”

ಕೂತಳು. ಈಗ ನಗು ಇನ್ನೂ ಜೋರಾಯಿತು, ಯಾಕೆಂದರೆ ಅಲ್ಲಿದ್ದ ‘ಹೊಸಬರಲ್ಲಿ’ ಮುಕ್ಕಾಲು ಪಾಲು ಹಳಬರೇ. ಪ್ರತಿ ಸೀಸನ್ ಮುಗಿದಾಗ ಎಲ್ಲರಿಂದಲೂ ರಾಜೀನಾಮೆ ಬರೆಸಿ, ಕೇಕು ಕತ್ತರಿಸಿ, ಚಪ್ಪಾಳೆ ತಟ್ಟಿ ಕಳಿಸುತ್ತಿದ್ದರು. ಮುಂದಿನ ಸೀಸನ್ನಿಗೆ ಅವರನ್ನೇ ಕರೆದು, ಹಳದಿ ಪಟ್ಟಿ ಚುಚ್ಚಿ, ದಿಂಬಿನ ಕವರು ಹಾಕುವುದು ಹೇಗೆ ಎಂಬಲ್ಲಿಂದ ಪಾಠ ಶುರು. ಸದಾ ಹೊಸಬನಾಗಿರುವವನು ಕಾಯಂ ಆಗುವುದು ಯಾವ ಕಾಲಕ್ಕೆ? ಈ ಉಪಾಯ ಹೊಳೆದದ್ದು ಮೈದುನನಿಗೆ. ಹೊಳೆದ ವರ್ಷವೇ ಅವನಿಗೆ ಸ್ವಂತ ಕ್ಯಾಬಿನ್ನು, ಹೋಟೆಲಿನ ಆವರಣದಲ್ಲೇ ಕ್ವಾರ್ಟರ್ಸು ಸಿಕ್ಕಿತು. ಅದಕ್ಕೂ ಮುಂಚೆ ಅವನು ಇದೇ ಬಾಗಿಲಲ್ಲಿ ಗೆಸ್ಟುಗಳ ಪೆಟ್ಟಿಗೆ ಹೊರುತ್ತಿದ್ದ. ಆ ಕೆಲಸ ಕೊಡಿಸಿದ್ದೂ ಅತ್ತಿಗೆಯೇ.

ಅವನ ಇಲಾಖೆಯ ಬಾಗಿಲ ಮೇಲೆ ‘ಮಾನವ ಸಂಪನ್ಮೂಲ’ ಎಂದು ಬರೆದಿತ್ತು. “ಮಾನವರನ್ನ ಮೂಲೆಗೆ ಹಾಕೋ ಇಲಾಖೆ,” ಎನ್ನುತ್ತಿದ್ದರು ಲಾಂಡ್ರಿಯವರು. ಅವನು ಬರುವುದು ಕಂಡರೆ “ಎಚ್.ಆರ್. ಬಂದ್ರು” ಎನ್ನುತ್ತಿರಲಿಲ್ಲ, “ಎಚ್ಚರ, ಬಂದ್ರು” ಎನ್ನುತ್ತಿದ್ದರು. ಇಂಥವುಗಳಲ್ಲಿ ಹೆಚ್ಚಿನವು ಅತ್ತಿಗೆಯ ಬಾಯಿಂದ ಬಿದ್ದವು. ಯಾರ ದನಿಯನ್ನಾದರೂ ಒಂದು ಸಲ ಕೇಳಿದರೆ ಸಾಕು, ಹಾಗೇ ತಿರುಗಿಸಿ ಒಪ್ಪಿಸುತ್ತಿದ್ದಳು. ಹಾಗಾಗಿ ಹೋಟೆಲಿನವರಿಗೆಲ್ಲ ಆಕೆ ಗಿಣಿಯಕ್ಕ.

ಆದರೆ ನಿನ್ನೆ ಅವನ ಕ್ಯಾಬಿನ್ನಿಗೆ ಹೋದಾಗ ಗಿಣಿಯಕ್ಕನಿಗೆ ಯಾರ ದನಿಯೂ ಬೇಕಾಗಿರಲಿಲ್ಲ. ಈ ವರ್ಷದಿಂದ ಹೊಸ ನಿಯಮ ಬಂದಿತ್ತು: ತರಬೇತಿಯಲ್ಲಿರುವವರು ಸೀಸನ್ ಮುಗಿಯುವ ತನಕ ಹೋಟೆಲಿನ ಹಿಂದಿನ ಹಾಸ್ಟೆಲಿನಲ್ಲೇ ಮಲಗಬೇಕು. ಕೆಲಸ ಮುಗಿಸಿ ಮನೆಗೆ ಹೋಗುವ ಹಕ್ಕು ಕಾಯಂ ಆದವರಿಗೆ ಮಾತ್ರ.

“ರಾತ್ರಿ ನಿಮ್ಮಮ್ಮನ್ನ ಯಾರು ನೋಡ್ಕೋಬೇಕು?” ಎಂದು ಕೇಳಿದ್ದಳು.

“ಅತ್ತಿಗೆ, ಆಫೀಸಲ್ಲಿ ಮನೆ ವಿಷಯ ಬೇಡ. ಪಾಲಿಸಿ ಎಲ್ಲರಿಗೂ ಒಂದೇ.”

“ಪಾಲಿಸಿ ಎಲ್ಲರಿಗೂ ಒಂದೇ, ಅಮ್ಮ ಮಾತ್ರ ನನಗೊಬ್ಬಳಿಗೇನಾ? ನಿಮ್ಮಣ್ಣ ಟೂರಿಸ್ಟ್ ಬಸ್ಸು ತಗೊಂಡು ಹೋದ್ರೆ ವಾರಗಟ್ಟಲೆ ಪತ್ತೆ ಇಲ್ಲ. ಅತ್ತೆಗೆ ತಾವಾಗಿ ಮಗ್ಗುಲು ಬದಲಾಯಿಸೋಕೂ ಆಗಲ್ಲ ಕಣೋ. ಹಗಲು ಪಕ್ಕದ ಮನೆಯೋಳು ಇಣುಕಿ ನೋಡ್ತಾಳೆ, ರಾತ್ರಿಗೆ? ನೀನು ಬಂದು ಮಲಗ್ತೀಯಾ?”

“ನಾನು ರಾತ್ರಿ ಇಲ್ಲೇ ಇರಬೇಕು ಅಂತಿದೆ. ಡ್ಯೂಟಿ.”

“ಹಾಗಾದ್ರೆ ನನ್ನ ಕಾಯಂ ಮಾಡು.”

“ನಿಮ್ಮೊಬ್ಬರನ್ನ ಮಾಡಿದ್ರೆ ಜನ ಏನಂತಾರೆ? ಸ್ವಂತ ಅತ್ತಿಗೆ ಅಂತ ಮಾಡಿದ ಅಂತಾರೆ.”

“ಎಲ್ಲರನ್ನೂ ಮಾಡು. ಆಗ ಯಾರೂ ಏನೂ ಅನ್ನಲ್ಲ.”

ಅವನು ಗಡಿಯಾರದ ಪಟ್ಟಿ ಸವರಿಕೊಂಡು, ತುಟಿಯನ್ನು ಅಳತೆಗೆ ತಕ್ಕಷ್ಟೇ ಅಗಲಿಸಿ ಹೇಳಿದ: “ನೋಡಿ, ಒತ್ತಾಯ ಇಲ್ಲ. ಹೊರಗೆ ಕ್ಯೂ ಇದೆ.”

ಆ ಮಾತನ್ನು ಅವನು ಎಲ್ಲರಿಗೂ ಹೇಳುತ್ತಿದ್ದ. ಕಾಲು ಮುರಿದ ಮಾಲಿಗೆ ಹೇಳಿದ್ದ, ಹೆರಿಗೆ ರಜೆ ಕೇಳಿದ ರಿಸೆಪ್ಷನ್ ಹುಡುಗಿಗೆ ಹೇಳಿದ್ದ. ತನಗೂ ಹೇಳಬಹುದು ಎಂದು ಅತ್ತಿಗೆಗೆ ಮಾತ್ರ ಹೊಳೆದಿರಲಿಲ್ಲ. ಸಂಜೆ ಮನೆಗೆ ಹೋಗುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗ ಆ ಮಾತು ಮತ್ತೆ ಮತ್ತೆ ಕಿವಿಗೆ ಬೀಳುತ್ತಿತ್ತು. ಮನೆಯಲ್ಲಿ ಅತ್ತೆಯ ಬೆನ್ನಿಗೆ ಪೌಡರು ಹಚ್ಚಿ ಮಗ್ಗುಲು ತಿರುಗಿಸುವಾಗ ಮುದುಕಿ ಕೇಳಿದಳು: “ಚಿಕ್ಕವನು ಸಿಕ್ಕಿದ್ನಾ? ಹೊತ್ತಿಗೆ ಸರಿಯಾಗಿ ಉಣ್ತಾನಂತಾ?”

“ಉಣ್ತಾನೆ ಅತ್ತೆ. ಚೆನ್ನಾಗೇ ಉಣ್ತಾನೆ,” ಎಂದು ಅತ್ತಿಗೆ ಹಲ್ಲು ಕಚ್ಚಿಕೊಂಡಿದ್ದಳು.

ಈಗ ಸಭಾಂಗಣದ ಹಿಂಬಾಗಿಲು ತೆರೆಯಿತು. ಮಾಲಕಿ ಬಂದು ಕೊನೆಯ ಸಾಲಿನಲ್ಲಿ ಕೂತರು. ತಂದೆಯಿಂದ ಅವರು ಹೋಟೆಲನ್ನು ವಹಿಸಿಕೊಂಡದ್ದು ಇನ್ನೂ ಹೊಸದು. ಎಲ್ಲವನ್ನೂ ಕಣ್ಣಾರೆ ನೋಡಬೇಕೆಂಬ ಉತ್ಸಾಹ. ಮೈದುನನ ಬೆನ್ನು ತಾನಾಗಿಯೇ ನೆಟ್ಟಗಾಯಿತು.

“ನಮ್ಮ ಹೋಟೆಲಿನ ಪದ್ಧತಿ ನೆನಪಿಟ್ಟುಕೊಳ್ಳಿ,” ಎಂದ, ದನಿಗೆ ಇಸ್ತ್ರಿ ಹಾಕಿಕೊಂಡು. “ಗೆಸ್ಟ್ ಏನೇ ಕೇಳಲಿ, ‘ಇಲ್ಲ’ ಎನ್ನುವಂತಿಲ್ಲ. ಅವರ ಬೇಡಿಕೆಯನ್ನು ನಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಆಮೇಲೆ ಯಾರು, ಎಷ್ಟು ಹೊತ್ತಿಗೆ ಮಾಡುತ್ತಾರೆ ಎಂದು ಅವರ ಕಣ್ಣೆದುರೇ ಬೋರ್ಡಿನ ಮೇಲೆ ಬರೆಯಬೇಕು. ಬರೆದದ್ದು ಆಗಲೇಬೇಕು. ಮುಖದ ಮೇಲಿನ ನಗು ಮಾಸಬಾರದು. ನಾನೇ ಸಿಬ್ಬಂದಿಯಾಗಿ ತೋರಿಸುತ್ತೇನೆ. ಸಿಟ್ಟಿನ ಗೆಸ್ಟ್ ಯಾರಾಗ್ತೀರಿ?”

ಯಾರೂ ಕೈ ಎತ್ತಲಿಲ್ಲ. ಎಲ್ಲರ ಕತ್ತೂ ಒಂದೇ ಕಡೆ ತಿರುಗಿತು.

ಅತ್ತಿಗೆ ಪಕ್ಕದವಳ ಕೈಚೀಲವನ್ನು ಮೊಣಕೈಗೆ ಸಿಕ್ಕಿಸಿಕೊಂಡಳು. ಅಡುಗೆಮನೆಯವನ ಕಣ್ಣಿಗಿದ್ದ ಕನ್ನಡಕವನ್ನು ಕಿತ್ತು ತನ್ನ ತಲೆಯ ಮೇಲೇರಿಸಿದಳು. ಮುಂದೆ ಬರುವಷ್ಟರಲ್ಲಿ ನಡಿಗೆ ಬದಲಾಗಿತ್ತು. ನೆಲವೇ ತನ್ನ ಚಪ್ಪಲಿಗೆ ಋಣಿಯಾಗಿರಬೇಕು ಎನ್ನುವ ನಡಿಗೆ. ಬಾಯಿ ತೆರೆದಾಗ ಮೂಗಿನಲ್ಲಿ ಎಳೆದು ಎಳೆದು ಆಡುವ ದನಿ ಬಂತು. ಸಮುದ್ರ ಕಾಣುವ ರೂಮು ಕೇಳಿ, ಸಮುದ್ರದ ಸದ್ದು ಜಾಸ್ತಿ ಎಂದು ದೂರುವ ಹೆಂಗಸಿನ ದನಿ.

“ಏನ್ರೀ ಇದು? ನಾನು ನಿಮ್ಮಲ್ಲಿಗೆ ಎಷ್ಟು ವರ್ಷದಿಂದ ಬರ್ತಿದೀನಿ ಗೊತ್ತೇನ್ರೀ? ಪ್ರತೀ ಸೀಸನ್ನಿಗೂ ಬರ್ತೀನಿ. ಪ್ರತೀ ಸಲಾನೂ ಬಾಗಿಲಲ್ಲಿ ತಡೆದು ‘ಹೊಸಬರಾ? ಪರಿಚಯ ಮಾಡಿಕೊಳ್ಳಿ’ ಅಂತಾರೆ! ಯಾರ್ರೀ ಅವನು, ಬಾಗಿಲಲ್ಲಿ ನಿಂತಿರೋ ಮರೆಗುಳಿ?”

ಹಳಬರೆಲ್ಲ ಕೂತಲ್ಲೇ ನಿಗುರಿದರು.

“ಛೆ ಛೆ! ಹಳೇ ಗೆಸ್ಟನ್ನ ಗುರುತು ಹಿಡಿಯದಿದ್ರೆ ನಮ್ಮ ಮರ್ಯಾದೆ ಏನಾಗಬೇಕು!” ಎಂದರು ಮಾಲಕಿ ಹಿಂದಿನಿಂದ. “ಒಳ್ಳೇ ಉದಾಹರಣೆ. ಮುಂದುವರಿಸಿ.”

ಮೈದುನ ಗಂಟಲು ಸರಿಮಾಡಿಕೊಂಡ. “ಕ್ಷಮಿಸಿ ಮೇಡಂ. ತಮ್ಮ ಬೇಡಿಕೆ ಅರ್ಥವಾಯಿತು. ಅಂದರೆ ತಾವು...”

“ಹೂಂ, ನಿಮ್ಮ ಮಾತಲ್ಲೇ ಹೇಳಿ.”

“ತಾವು ಹೊಸಬರಲ್ಲ.”

“ಹಿಂದಿನ ಸಾಲಿಗೆ ಕೇಳಿಸ್ಲಿಲ್ಲ.”

“ತಾವು ಹೊಸಬರಲ್ಲ!”

“ಬರೀರಿ. ಯಾವತ್ತಿನಿಂದ ಅಂತಾನೂ ಬರೀರಿ.”

ಅವನು ಬೋರ್ಡಿನ ಪೆನ್ನಿನ ಮುಚ್ಚಳ ತೆಗೆದು ಬರೆದ. ‘ಇವರು ಹೊಸಬರಲ್ಲ. ಇವತ್ತಿನಿಂದ.’ ಅಕ್ಷರ ದುಂಡಗಿತ್ತು. ಅವನ ಕೈ ಹಿಡಿದು ತಿದ್ದಿಸಿದ ಅಣ್ಣನ ಅಕ್ಷರದ ಹಾಗೆಯೇ.

“ಇನ್ನೊಂದು ವಿಷಯ. ನಾನು ನಿಮ್ಮಲ್ಲಿ ಮಲಗಿದ್ರೆ ಮನೇಲಿ ವಯಸ್ಸಾದೋರು ಒಬ್ಬರೇ. ಅವರಿಗೆ ಒಬ್ಬ ಚಿಕ್ಕ ಮಗ ಇದಾನೆ. ಬಹಳ ದೊಡ್ಡ ಕೆಲಸದಲ್ಲಿದಾನಂತೆ. ಕಂಡೋರ ತಾಯಂದಿರಿಗೆಲ್ಲ ಕಾರಿನ ಬಾಗಿಲು ತೆಗೆದು, ಕೈ ಹಿಡಿದು ಇಳಿಸ್ಕೋತಾನೆ.” ಮೂಗಿನ ದನಿ ಎಲ್ಲೋ ಕಳಚಿ ಬಿದ್ದಿತ್ತು. “ಆ ತಾಯಿ ದಿನಾ ಕೇಳ್ತಾರೆ, ಚಿಕ್ಕವನು ಉಂಡ್ನಾ ಅಂತ. ರಾತ್ರಿ ಅವರ ಬಾಯಿಗೆ ನೀರು ಬಿಡೋರು ಯಾರು? ಹೇಳಿ, ಏನು ವ್ಯವಸ್ಥೆ ಮಾಡ್ತೀರಿ?”

“ಇಲ್—” ಎಂದವನು ನಾಲಿಗೆ ಕಚ್ಚಿಕೊಂಡ. ಮಾಲಕಿ ಮುಂದಕ್ಕೆ ಬಾಗಿ ಕೂತಿದ್ದರು. “ಖಂಡಿತ ಮೇಡಂ. ವ್ಯವಸ್ಥೆ ಮಾಡುತ್ತೇವೆ.”

“ಯಾರು? ಹೆಸರು ಬೇಕಲ್ವಾ, ಬೋರ್ಡಿಗೆ?”

ಅವನು ಸುತ್ತ ನೋಡಿದ. ಹಳದಿ ಪಟ್ಟಿಗಳ ಮೇಲಿನ ಮುಖಗಳೆಲ್ಲ ಅವನನ್ನೇ ನೋಡುತ್ತಿದ್ದವು, ಮತ್ತು ಅವನೇ ಕಲಿಸಿದ ಹಾಗೆ ನಗುತ್ತಿದ್ದವು.

“ನಾನೇ... ಹೋಗುತ್ತೇನೆ.”

“ಎಷ್ಟು ಹೊತ್ತಿಗೆ?”

“ಸಂಜೆಗೆ.” ಬರೆದ. ಈ ಸಲ ಅಕ್ಷರ ಇಳಿಜಾರಿನಲ್ಲಿ ಹೋಯಿತು.

“ಹೋಗದೇ ಇದ್ರೆ?”

ಅವನು ಪೆನ್ನನ್ನು ಹಾಗೇ ಅಂಗಿಯ ಜೇಬಿಗೆ ಸಿಕ್ಕಿಸಿದ. ಅತ್ತಿಗೆ ಕನ್ನಡಕ ಕೆಳಗಿಳಿಸಿದಳು. ಇಲ್ಲದ ಗಡಿಯಾರದ ಪಟ್ಟಿಯನ್ನು ಎರಡು ಬೆರಳಿಂದ ಸವರಿಕೊಂಡಳು. ತುಟಿಯನ್ನು ಅಳತೆಗೆ ತಕ್ಕಷ್ಟೇ ಅಗಲಿಸಿದಳು. ಆಮೇಲೆ ಅವನದೇ ದನಿಯಲ್ಲಿ, ಅವನದೇ ತಂಪಿನಲ್ಲಿ, ಅವನ ಮುಖಕ್ಕೇ ಹೇಳಿದಳು:

“ನೋಡಿ, ಒತ್ತಾಯ ಇಲ್ಲ. ಹೊರಗೆ ಕ್ಯೂ ಇದೆ.”

ಸಭಾಂಗಣ ಸಿಡಿಯಿತು. ಲಾಂಡ್ರಿಯವರು ಕುರ್ಚಿಯ ಬೆನ್ನು ಬಡಿದರು. ಕಾಲು ಕುಂಟುವ ಮಾಲಿ ಎದ್ದೇ ನಿಂತ. ಅಲ್ಲಿ ಆ ಮಾತನ್ನು ಆ ದನಿಯಲ್ಲಿ ಕೇಳದವರು ಒಬ್ಬರೇ: ಮಾಲಕಿ. ಅವರು ಏನೂ ತಿಳಿಯದೆಯೇ ಕಣ್ಣೊರೆಸಿಕೊಂಡು ನಗುತ್ತಿದ್ದರು.

“ಅಬ್ಬಾ! ಎಂಥ ಪ್ರತಿಭೆ! ಇವರು ನಿಜಕ್ಕೂ ಹೊಸಬರಾ?”

“ಅವರನ್ನೇ ಕೇಳಿ ಮೇಡಂ,” ಎಂದಳು ಅತ್ತಿಗೆ. ಆಕೆ ನಗುತ್ತಿರಲಿಲ್ಲ. “ಈಗ ತಾನೇ ಬರೆದಿದಾರೆ.”

ಮಾಲಕಿಯ ಕಣ್ಣು ಆಕೆಯ ಎದೆಯ ಮೇಲಿನ ಹಳದಿ ಪಟ್ಟಿಗೆ ಹೋಯಿತು, ಅದರ ಸುತ್ತಲಿನ ತೂತುಗಳಿಗೆ ಹೋಯಿತು, ಅಲ್ಲಿಂದ ಬೋರ್ಡಿಗೆ, ಬೋರ್ಡಿನಿಂದ ಮೈದುನನ ಮುಖಕ್ಕೆ. ಅವರ ನಗು ಅರ್ಧಕ್ಕೆ ನಿಂತಿತು. ಸಾಲುಗಳೂ ಒಂದೊಂದಾಗಿ ತಣ್ಣಗಾದವು. ಅಭ್ಯಾಸಬಲದಿಂದ ಬೋರ್ಡು ಒರೆಸಲು ಬಟ್ಟೆ ಹಿಡಿದು ಎದ್ದ ಹುಡುಗಿಯನ್ನು ಮಾಲಿ ಸುಮ್ಮನೆ ಕೈ ಹಿಡಿದು ಕೂರಿಸಿದ.

ಆಗ ಮೈದುನ ನಕ್ಕ. ಎಲ್ಲರಿಗಿಂತ ಜೋರಾಗಿ, ಹೊಟ್ಟೆ ಹಿಡಿದುಕೊಂಡು, ಬೇರೆ ಯಾರೂ ನಗದ ಆ ಸಭಾಂಗಣದಲ್ಲಿ ಒಬ್ಬನೇ ನಗುತ್ತ ನಿಂತ; ಮುಚ್ಚಳ ಹಾಕಲು ಮರೆತ ಪೆನ್ನು ಅವನ ಬಿಳಿ ಅಂಗಿಯ ಮೇಲೆ ನೀಲಿಯನ್ನು ಹರಡುತ್ತಲೇ ಇತ್ತು.